ಕೆರೆಯಂಗಳಕ್ಕೆ ಹೋದ ಉಚಿತ ಬಸ್ಸು

ವಿಮಾನ ಕಾಯುವವರಿಗೆ ಊರು ತೋರಿಸುವ ಪ್ರವಾಸ ಕಚೇರಿಯ ಮಾನ್ಯ ಅಧಿಕಾರಿಗಳೇ,

ಕಳೆದ ಫೆಬ್ರವರಿಯಲ್ಲಿ ನಿಮ್ಮ ಕಚೇರಿಯ ಉಚಿತ ಬಸ್ಸು ನನ್ನನ್ನೂ ನನ್ನ ಹೆಂಡತಿಯನ್ನೂ ಊರು ತೋರಿಸುತ್ತೇವೆಂದು ಹತ್ತಿಸಿಕೊಂಡು ಹೋಗಿ, ಒಂದು ಕೆರೆಯ ಹೊಟ್ಟೆಯೊಳಗೆ ಇಳಿಸಿ, ಇಲ್ಲಿ ಸೈಟು ಬೇಕೇ ಎಂದು ಕೇಳಿತು. ಅಲ್ಲಿ ಕೆರೆಯೇ ಇರಲಿಲ್ಲ ಎಂದು ಆಗ ನಿಮ್ಮವರು ಹೇಳಿದರು. ಅಂಥ ಬಸ್ಸೇ ಇರಲಿಲ್ಲ ಎಂದು ಈಗ ನಿಮ್ಮ ಕಚೇರಿ ಬರೆದು ಕೊಟ್ಟಿದೆ. ಇದ್ದದ್ದೆಲ್ಲ ಇಷ್ಟು ಸಲೀಸಾಗಿ ಇಲ್ಲವಾಗುವ ಊರನ್ನು ನಾನು ಬೇರೆಲ್ಲೂ ಕಂಡಿಲ್ಲವಾದ್ದರಿಂದ ನಾಲ್ಕು ಜನಕ್ಕೆ ಕಾಣುವಂತೆ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನ ಪುಟ್ಟೇನಹಳ್ಳಿ ಕಡೆಯವನು. ಹಿಂದೆ ಬೇಸಾಯ ಮಾಡುತ್ತಿದ್ದೆ, ಈಗ ಮೂರು ಮನೆ ಬಾಡಿಗೆಗೆ ಕೊಟ್ಟು ಕೂತಿದ್ದೇನೆ. ನಮ್ಮಪ್ಪ ನೀರುಗಂಟಿ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವರ ಕೆಲಸ. ಹೈದರಾಬಾದಿನಲ್ಲಿ ನೆಂಟರ ಮದುವೆ ಮುಗಿಸಿ ಹೊರಟಾಗ ನೇರ ವಿಮಾನದಲ್ಲಿ ಸೀಟು ಸಿಗದೆ, ನಿಮ್ಮ ಊರಿನಲ್ಲಿಳಿದು ಐದು ಗಂಟೆ ಕಾಯಬೇಕಾಯಿತು. ನಿಲ್ದಾಣದಲ್ಲಿ ನಿಮ್ಮ ಕಚೇರಿಯ ಮೇಜು, ಮೇಜಿನ ಹಿಂದೆ ನಗುಮುಖದ ಒಬ್ಬ ಹುಡುಗಿ.

"ಐದು ಗಂಟೆ ಸುಮ್ನೆ ಕೂತು ಏನ್ ಮಾಡ್ತೀರ ಅಂಕಲ್? ಕೋಟೆ ನೋಡಿ, ತಿಂಡಿ ತಿನ್ನಿ. ಎರಡೂವರೆಗೆಲ್ಲಾ ವಾಪಸ್ ತಂದು ಬಿಡ್ತೀವಿ."

ಮಾತು ಚೆನ್ನಾಗಿತ್ತು. ಆದರೆ ತುಂಬಲು ಕೊಟ್ಟ ಅರ್ಜಿಯಲ್ಲಿ ಹೆಸರು, ಫೋನ್ ನಂಬರಿನ ಕೆಳಗೆ ಇನ್ನೊಂದು ಪ್ರಶ್ನೆ ಇತ್ತು: ವಾಸ ಸ್ವಂತ ಮನೆಯಲ್ಲೋ, ಬಾಡಿಗೆಯಲ್ಲೋ? ಕೋಟೆ ನೋಡುವವನಿಗೆ ಸ್ವಂತ ಮನೆ ಇದ್ದರೇನು, ಇಲ್ಲದಿದ್ದರೇನು? ಕೇಳಿದೆ. ನನ್ನ ಹೆಂಡತಿ ಗೋವಿಂದಮ್ಮ ತೋಳು ಹಿಡಿದೆಳೆದಳು. "ಎಲ್ಲದಕ್ಕೂ ಅನುಮಾನ ನಿಮಗೆ. ನಡೀರಿ, ಕಾಲಾದ್ರೂ ಆಡ್ದಂಗಾಗುತ್ತೆ."

ಕೋಟೆಗೆ ನೀವು ಕೊಟ್ಟದ್ದು ಹನ್ನೆರಡು ನಿಮಿಷ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಿಸಿಬಿಸಿಯಾಗಿ ಸಿಕ್ಕಿತು. ನಿಮ್ಮ ಊರಿನ ಜನರ ಮೇಲೆ ನನಗೆ ಯಾವ ದೂರೂ ಇಲ್ಲ. ಆಮೇಲೆ 'ಹೊಸ ನಗರ ವೀಕ್ಷಣೆ' ಎಂದು ಹೇಳಿ ಹನ್ನೊಂದು ಜನ ಪ್ರಯಾಣಿಕರನ್ನು ಊರಾಚೆಯ ಬಯಲಿಗೆ ತಂದಿರಿ. ಬಣ್ಣದ ಬಾವುಟ, ಶಾಮಿಯಾನ, ಎಳನೀರು, ನಕ್ಷೆ ಹಿಡಿದ ಬಿಳಿ ಅಂಗಿಯ ಮಹಾಶಯರು. ಕಮಾನಿನ ಮೇಲೆ 'ಲೇಕ್ ವ್ಯೂ' ಎಂದಿತ್ತು.

"ಲೇಕ್ ಎಲ್ಲಿ ಸ್ವಾಮಿ?" ಎಂದೆ.

"ಹೆಸರಿಗೆ ಅಷ್ಟೇ ಸಾರ್. ಇಲ್ಲಿ ಯಾವ ಕೆರೆನೂ ಇರ್ಲಿಲ್ಲ," ಎಂದರು ಬಿಳಿ ಅಂಗಿಯವರು. ನಾನು ಕೇಳಿದ್ದು ಕೆರೆ ಎಲ್ಲಿದೆ ಎಂದು. ಇರಲಿಲ್ಲ ಎಂದು ಅವರಾಗಿಯೇ ಏಕೆ ಹೇಳಬೇಕಿತ್ತು?

ಬಗ್ಗಿ ಒಂದು ಹಿಡಿ ಮಣ್ಣೆತ್ತಿದೆ. ಮೇಲಿನದು ಹೊರಗಿನಿಂದ ತಂದು ಸುರಿದ ಕೆಂಪು ಮಣ್ಣು. ಬೆರಳು ಇಳಿಸಿದರೆ ಕಪ್ಪು ಗೋಡು, ಕೆರೆಯ ತಳದಲ್ಲಿ ಮಾತ್ರ ಕೂರುವ ನುಣುಪಾದ ಹೂಳು. ಚಿಕ್ಕಂದಿನಲ್ಲಿ ಬೇಸಿಗೆ ಬಂದರೆ ಅದನ್ನೇ ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದೆವು. ಪಾರ್ಕಿಗೆಂದು ಹುಲ್ಲು ಹಾಸಿದ್ದ ಉದ್ದನೆಯ ದಿಬ್ಬ ಕೆರೆಯ ಏರಿಯಲ್ಲದೆ ಮತ್ತೇನೂ ಅಲ್ಲ. ಅದರ ಬುಡದಲ್ಲಿ ಸುಣ್ಣ ಬಳಿದ ಎರಡು ಕಲ್ಲುಕಂಬ, ಮೇಲೊಂದು ಅಡ್ಡಗಲ್ಲು, ಅಡ್ಡಗಲ್ಲಿನ ನಡುವೆ ಒಂದು ತೂತು. ಮೇಜಿನ ಹಿಂದೆ ಕೂತಿದ್ದ ಹುಡುಗಿಯೇ ನಮ್ಮ ಜೊತೆಗೂ ಬಂದಿದ್ದಳು. ಕರೆದು ತೋರಿಸಿದೆ.

"ಇದೇನಮ್ಮ?"

"ಹಳೇ ದೇವಸ್ಥಾನದ ಕಲ್ಲು ಅಂತ ಹೇಳೋಕೆ ಹೇಳಿದಾರೆ ಅಂಕಲ್."

ಹೇಳಿದ್ದು ಯಾರು ಎಂದು ನಾನು ಕೇಳಲಿಲ್ಲ, ಅವಳೂ ತಲೆ ಎತ್ತಲಿಲ್ಲ. ಅದು ತೂಬಿನ ಕೋಲು ಇಳಿಯುವ ತೂತು. ಅಂಥದೇ ಕಲ್ಲಿನ ಪಕ್ಕ ಬುತ್ತಿ ಹಿಡಿದು ಅಪ್ಪನಿಗಾಗಿ ಕಾಯುತ್ತ ಬೆಳೆದವನು ನಾನು.

ಶಾಮಿಯಾನದಲ್ಲಿ ರವಿಕಿರಣ್ ಎಂಬ ಸಹಪ್ರಯಾಣಿಕ ಮುಂಗಡ ಕಳಿಸಲು ಫೋನ್ ತೆಗೆದಿದ್ದ. ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿರುವವನು. ಅರ್ಜಿಯಲ್ಲಿ ಹಾಗೆಂದೇ ತುಂಬಿದ್ದನಂತೆ. "ಮಳೆಗಾಲದಲ್ಲಿ ಒಂದ್ಸಲ ಬಂದು ನೋಡಪ್ಪ. ಆಮೇಲೆ ಕೊಡು," ಎಂದು ಕೈಯಲ್ಲಿದ್ದ ಗೋಡು ತೋರಿಸಿದೆ. ಅವನು ಮಣ್ಣು ನೋಡಿದ, ನನ್ನ ಮುಖ ನೋಡಿದ, ಫೋನ್ ಜೇಬಿಗಿಟ್ಟ. ಇನ್ನೂ ಮುಕ್ಕಾಲು ಗಂಟೆ ನಿಲ್ಲಬೇಕಿದ್ದ ಬಸ್ಸು ಐದು ನಿಮಿಷದಲ್ಲಿ ಹೊರಟಿತು. ಎಳನೀರು ಕುಡಿಯುತ್ತಿದ್ದವರನ್ನು ಅರ್ಧಕ್ಕೇ ಎಬ್ಬಿಸಿದರು. ಏನವಸರವಿತ್ತು ಮಾನ್ಯರೇ?

ನಿಲ್ದಾಣದಲ್ಲಿ ಇಳಿಯುವಾಗ ನಿಮ್ಮವರಲ್ಲೇ ಒಬ್ಬರು ನನ್ನ ಕಿವಿಯ ಬಳಿ ಬಂದು, "ನಾನು ಈಜು ಕಲ್ತಿದ್ದೇ ಅಲ್ಲಿ," ಎಂದರು. ಅವರು ಬಸ್ಸು ಓಡಿಸಿದವರೋ, ಜೊತೆಗೆ ಬಂದವರೋ, ಬಾಗಿಲಲ್ಲಿ ನಿಂತಿದ್ದವರೋ ನಾನು ಹೇಳುವುದಿಲ್ಲ. ಹುಡುಕಲು ಹೊರಡಬೇಡಿ, ಹುಡುಕಲೇಬೇಕೆಂದಿದ್ದರೆ ಕೆರೆಯನ್ನು ಹುಡುಕಿ.

ಊರಿಗೆ ಬಂದು ಮಾಹಿತಿ ಹಕ್ಕಿನಲ್ಲಿ ಎರಡು ಪ್ರಶ್ನೆ ಕೇಳಿದೆ. ಆ ಬಯಲು ಹಳೆಯ ಗ್ರಾಮ ನಕ್ಷೆಯಲ್ಲಿ ಏನೆಂದಿದೆ? ಬಸ್ಸು ಅಲ್ಲಿಗೆ ಹೋದದ್ದು ಯಾರ ಆದೇಶದಿಂದ? ನಲವತ್ತು ದಿನಕ್ಕೆ ಉತ್ತರ ಬಂತು: ನಕ್ಷೆ ಲಭ್ಯವಿಲ್ಲ, ಬಸ್ ಸೇವೆ ಅಸ್ತಿತ್ವದಲ್ಲಿಲ್ಲ. ಬಸ್ಸಿನಲ್ಲಿ ನಮ್ಮ ಕೊರಳಿಗೆ ಹಾಕಿದ ಪಾಸು ನನ್ನ ಬಳಿ ಇದೆ, ಅದರ ಮೇಲಿನ ಮೊಹರು ನಿಮ್ಮದೇ. ಉತ್ತರ ಓದಿಸಿಕೊಂಡ ಗೋವಿಂದಮ್ಮ, "ಇನ್ನು ಮೇಲೆ ನಿಮ್ಮ ಅನುಮಾನಕ್ಕೆ ನಾನು ಅಡ್ಡ ಬರಲ್ಲ," ಎಂದು ನನಗೆ ಹೇಳಿದಳು.

ಈ ಮುದುಕನಿಗೆ ಇಷ್ಟೊಂದು ಅನುಮಾನ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಕೇಳಲೇಬೇಕು. ಮೂವತ್ತು ವರ್ಷದ ಹಿಂದೆ ನಮ್ಮ ಕಡೆಯ ಒಂದು ಸಣ್ಣ ಕುಂಟೆಯ ದಡದಲ್ಲಿ ನಿಂತು, 'ಸ್ಥಳದಲ್ಲಿ ಯಾವುದೇ ಜಲಮೂಲ ಕಂಡುಬಂದಿಲ್ಲ' ಎಂಬ ಮಹಜರಿಗೆ ಮೊದಲ ಸಾಕ್ಷಿಯಾಗಿ ಸಹಿ ಹಾಕಿದವನು ನಾನೇ. ಬೇಕಾದವರು ಹೇಳಿದರು, ಹಾಕಿದೆ. ಸಂಜೆ ಅಪ್ಪ ಕೇಳಿದ್ದು ಒಂದೇ ಮಾತು: "ನಮ್ಮೆಮ್ಮೆ ಎಲ್ಲಿ ನೀರು ಕುಡೀತಿತ್ತು ಅಂತ ಬರ್ದವ್ರೆ?" ಬದುಕಿರುವವರೆಗೆ ಅಪ್ಪ ಮತ್ತೆ ಆ ಕುಂಟೆಯ ದಾರಿಯಲ್ಲಿ ಓಡಾಡಲಿಲ್ಲ. ಕೆರೆಯನ್ನು ಕಾಗದದಿಂದ ಹೇಗೆ ತೆಗೆಯುತ್ತಾರೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಆ ಬಯಲಿನಲ್ಲಿ ಸೈಟು ಮಾರುವುದನ್ನು ಇಂದೇ ನಿಲ್ಲಿಸಿ. ಇಲ್ಲವೆಂದ ನಕ್ಷೆಯನ್ನು ಹೊರಗೆ ತೆಗೆಸಿ. ಮೊದಲ ದೊಡ್ಡ ಮಳೆಯಾದ ಮರುದಿನ ಊರಿನವರನ್ನೆಲ್ಲ ಕರೆದು ಅಲ್ಲಿಯೇ ಮಹಜರು ಮಾಡಿಸಿ, ನನ್ನನ್ನೂ ಕರೆಯಿರಿ. ಬಸ್ಸು ಬೇಡ, ನನ್ನ ದಾರಿ ನಾನು ನೋಡಿಕೊಂಡು ಬರುತ್ತೇನೆ. ಈ ಸಲ ಕಣ್ಣಿಗೆ ಕಂಡದ್ದಕ್ಕೆ ಸಹಿ ಹಾಕುತ್ತೇನೆ.

ಇಂತಿ,
ಮೊದಲ ಸಹಿಯನ್ನು ಇನ್ನೂ ಅಳಿಸಲಾಗದ
ಹನುಮಯ್ಯ, ನೀರುಗಂಟಿಯ ಮಗ
ಪುಟ್ಟೇನಹಳ್ಳಿ, ಬೆಂಗಳೂರು