ಗೂಟಕ್ಕೆ ಕಟ್ಟಿದ ಕದಿರು

ಚೆಟ್ಟಿಮಾನಿ, ಕೊಡಗು
18-12-1956

ಜಬಲ್ಪುರದಲ್ಲಿರುವ ನನ್ನ ಯಜಮಾನರಿಗೆ,

ನಿಮ್ಮ ಕೆಮ್ಮು ಹೇಗಿದೆ? ಅತ್ತೆ ಕಳಿಸಿದ ಕಾಳುಮೆಣಸಿನ ಕಷಾಯದ ಪುಡಿಯನ್ನು ಕುದಿಸಿ ಕುಡಿಯುತ್ತಿದ್ದೀರೋ, ಮಿಲಿಟರಿ ಡಾಕ್ಟರ ಮಾತ್ರೆಯೇ ಸಾಕೆಂದು ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದೀರೋ? ನಿಮ್ಮನ್ನು ನಾನು ಬಲ್ಲೆ, ಮುಚ್ಚಿಟ್ಟಿರುತ್ತೀರಿ. ಇಲ್ಲಿ ಅತ್ತೆಯ ಮಂಡಿನೋವು ಬಿಟ್ಟರೆ ಎಲ್ಲರೂ ಕ್ಷೇಮ. ಹುತ್ತರಿ ಮೊನ್ನೆ ಆಯಿತು, ಹೊಸ ಕದಿರು ಮನೆಗೆ ಬಂತು.

ಇನ್ನು ನನ್ನ ಸಿಟ್ಟಿನ ವಿಷಯ. ಹೊಳೆಗದ್ದೆಗೆ ಕಾಲುವೆ ತೋಡಿ ನೀರು ಬಸಿದು ಕಿತ್ತಳೆ ಹಾಕು, ಅಕ್ಕಿ ಹೇಗೂ ಲಾರಿಯಲ್ಲಿ ಬರುತ್ತದೆ ಎಂದು ನಿಮ್ಮ ತಮ್ಮ ಬೆಳ್ಯಪ್ಪನಿಗೆ ಬರೆದಿರಿ. ನನ್ನನ್ನು ಒಂದು ಮಾತು ಕೇಳಲಿಲ್ಲ. ಅವನು ಹುತ್ತರಿಯವರೆಗೂ ಕಾಯದೆ, ನಿಂತ ಪೈರಿನ ನಡುವೆಯೇ ಕಾಲುವೆಯ ಗುರುತಿನ ಗೂಟ ಹೊಡೆದುಬಿಟ್ಟ. ನಾನು ಬೇಡವೆಂದರೆ, "ಅಣ್ಣ ಬರ್ದುಟು, ನಾ ಏನ್ ಮಾಡ್ದು ಅತ್ತಿಗೆ?" ಎಂದ. ಕಿತ್ತಳೆ ಸಾಗಿಸಲು ಲಾರಿಯಿಲ್ಲದೆ ಆಳುಗಳು ಸುಮ್ಮನೆ ಕೂತಿದ್ದಾರೆ, ಹಾಗಾಗಿ ಇವತ್ತೇ ಅಗೆಯುತ್ತಾನಂತೆ. ಆ ಲಾರಿ ಯಾಕಿಲ್ಲ ಎಂದು ಮಾತ್ರ ಅವನು ಯೋಚಿಸುವುದಿಲ್ಲ.

ಎಲ್ಲೋ ಸೂಯೆಜ್ ಕಾಲುವೆ ಮುಚ್ಚಿ ಎಣ್ಣೆಯ ಹಡಗು ತಡವಾಗಿದೆಯಂತೆ, ಲಾರಿಗಳಿಗೆ ಪೆಟ್ರೋಲ್ ಇಲ್ಲ. ನಮ್ಮ ಕಿತ್ತಳೆ ರಸ್ತೆ ಬದಿಯಲ್ಲಿ ರಾಶಿ ಬಿದ್ದು ಕೊಳೆಯುತ್ತಿದೆ, ನೊಣದ ಕಾಟಕ್ಕೆ ಆ ಕಡೆ ನಡೆಯಲಾಗುವುದಿಲ್ಲ. ವಿರಾಜಪೇಟೆಯ ಅಕ್ಕಿಯೂ ಬಂದಿಲ್ಲ. ಗದ್ದೆಯನ್ನೆಲ್ಲ ತೋಟ ಮಾಡಿಕೊಂಡ ಮೇಲಿನ ಮನೆಯ ಮಾಯಿಲಪ್ಪನವರು ಮೂರು ಹೊತ್ತೂ ಗೆಣಸು ಬೇಯಿಸುತ್ತಿದ್ದಾರೆ. ಹುತ್ತರಿಯ ದಿನ ಕದಿರು ಕೊಯ್ಯಲು ಅವರಿಗೆ ಸ್ವಂತದ ಒಂದು ಬುಡ ಪೈರಿಲ್ಲ. ನಮ್ಮ ಗದ್ದೆಗಿಳಿದು ತಲೆ ಎತ್ತದೆ ಒಂದು ಹಿಡಿ ಕೊಯ್ದುಕೊಂಡು ಹೋದರು. ಅದನ್ನು ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು. ಯಾವುದೋ ಸಮುದ್ರದಲ್ಲಿ ಹಡಗು ನಿಂತರೆ ನಮ್ಮ ಮನೆಯಲ್ಲಿ ಅನ್ನವಿಲ್ಲ ಎಂಬ ಬಾಳು ನನಗೆ ಬೇಡ. ನಮ್ಮ ಗದ್ದೆಗಾದರೆ ನಾನು ಬರಿಗಾಲಲ್ಲಿ ಹೋಗಿ ಬರುತ್ತೇನೆ, ಎಣ್ಣೆ ಬೇಕಿಲ್ಲ.

ಕಂಬಕ್ಕೆ, ಕಣಜಕ್ಕೆ, ಕೊಟ್ಟಿಗೆಗೆ, ಬಾವಿಕಟ್ಟೆಗೆ ಎಂದಿನಂತೆ ಕದಿರು ಕಟ್ಟಿದೆವು. ಇನ್ನೂ ಒಂದಷ್ಟು ಕದಿರು ಉಳಿದಿತ್ತು. ಇವತ್ತು ಬೆಳಗಾಗುತ್ತಲೇ ಗದ್ದೆಗಿಳಿದು, ಬೆಳ್ಯಪ್ಪ ಹೊಡೆದ ಗೂಟಗಳಿಗೆಲ್ಲ ಆ ಕದಿರನ್ನು ಎಲೆ ಸುತ್ತಿ ಕಟ್ಟಿಬಿಟ್ಟೆ. ಅವನು ನೋಡಿ ಏನು ಮಾಡುತ್ತಾನೋ ಗೊತ್ತಿಲ್ಲ. ಗದ್ದೆಯಿಂದ ಬಂದವಳೇ ಬರೆಯಲು ಕೂತಿದ್ದೇನೆ, ಅಕ್ಷರ ವಕ್ರವಾದರೆ ಬೈಯಬೇಡಿ.

ಅತ್ತೆಯ ಆಶೀರ್ವಾದ, ಮಗಳು ತಂಗಮ್ಮನ ಮುತ್ತು ಇದರೊಳಗಿವೆ. ಎದೆಗೆ ಬೆಚ್ಚಗೆ ಹೊದೆಯಿರಿ.

ನಿಮ್ಮ
ಯಮುನ

ಇನ್ನೊಂದು ಮಾತು: ಟಪಾಲಿನವನು ಅಂಗಳದಲ್ಲಿ ನಿಂತಿದ್ದಾನೆ. ಬೆಳ್ಯಪ್ಪ ಆಳುಗಳ ಜೊತೆ ಬಂದಿದ್ದ. ಗೂಟ ನೋಡಿ, ಎತ್ತಿದ ಗುದ್ದಲಿಯನ್ನು ಹಾಗೇ ಹಿಡಿದು ನಿಂತ. ಅತ್ತೆ ಕೋಲೂರಿಕೊಂಡು ಗದ್ದೆಗಿಳಿದು, "ಕದ್ರ್ ಕಟ್ಟಿದಲ್ಲಿ ಗುದ್ದಲಿ ಹಾಕಿಕೆ ಬೊತ್ತು, ಮಗಾ" ಎಂದು ತಡೆದರು. ಅವನು ಆಳುಗಳನ್ನು ಕರೆದುಕೊಂಡು ವಾಪಸು ಹೋದ. ಅಗೆಯಲೇಬೇಕೆಂದರೆ ನೀವೇ ಬಂದು ನಿಮ್ಮ ಕೈಯಾರೆ ಆ ಕದಿರು ಬಿಚ್ಚಿ. ಬಸ್ಸಿಗೂ ಎಣ್ಣೆ ಸಾಲದಂತೆ, ಮಡಿಕೇರಿಯಿಂದ ನಡೆದೇ ಬರಬೇಕಾದೀತು. ಹಸಿದು ಬರುತ್ತೀರಿ. ಅನ್ನ ಮಾಡಿಟ್ಟಿರುತ್ತೇನೆ, ಆ ಗದ್ದೆಯದೇ. ಉಂಡ ಮೇಲೆ ಬಿಚ್ಚುವಿರಂತೆ.