ಗೋಡೆ ಕಟ್ಟಿದವರ ಹೆಸರು

ಯಜಮಾನರಿಗೆ,

ತಮ್ಮನ ಕೈಲಿ ಬರೆಸ್ತಿದೀನಿ. ನೀವು ತೀರಿಕೊಂಡ ಮೇಲೆ ನಮ್ಮ ಸಿದ್ದಾಪುರದಾಗೆ ಭೂಮಿ ನಡುಗಿತು. ಪಕ್ಕದ ಮನೆ ಕ್ಯಾತಣ್ಣನ ಗೋಡೆಯ ಹೊರಮೈ ಕಳಚಿ ಬಿತ್ತು, ನಮ್ಮದು ನಿಂತೈತೆ. ಇವತ್ತು ಸರ್ಕಾರದ ಇಂಜಿನಿಯರು ಬಂದು ಎರಡನ್ನೂ ನೋಡಿದ್ರು. ಒಳಮೈ ಹೊರಮೈ ಎರಡನ್ನೂ ಹಿಡಿಯೋ ಹಂಗೆ ನೀವು ಅಡ್ಡ ಇಟ್ಟ ಉದ್ದ ಕಲ್ಲುಗಳನ್ನ ಮುಟ್ಟಿ, "ಇವೇ ಕಾಪಾಡಿದ್ದು. ಮುಂದೆ ಕಟ್ಟೋರಿಗೂ ಹಿಂಗೇ ಇಡೋಕೆ ಹೇಳ್ತೀನಿ" ಅಂದ್ರು.

ಹೊರಗೆ ಚಾಚಿದ ಆ ಕಲ್ಲಿಗೆ ಸೆರಗು ಸಿಕ್ಕಿದಾಗಲೆಲ್ಲ ನಿಮ್ಮನ್ನ ಬೈತಿದ್ದೆ. ಇವತ್ತು ಅದನ್ನೇ ಹಿಡ್ಕೊಂಡು ನಿಂತಿದ್ದೆ.

"ಕಟ್ಟಿದ್ದು ಯಾರಮ್ಮ?" ಅಂದ್ರು.

"ನಮ್ಮೋರು" ಅಂದೆ.

ಹೆಸರು ಬೇಕು ಅಂದ್ರು. ಗಂಡನ ಹೆಸರು ನಾನು ಹೇಳಬಾರದಲ್ಲ ಅಂತ ಪಕ್ಕದಾಗೆ ನಿಂತಿದ್ದ ರಂಗಕ್ಕ ತಾನೇ ಹೇಳೋಕೆ ಬಾಯಿ ಹಾಕಿದ್ಲು. ನಾನೇ ಹೇಳಿದೆ, ದೊಡ್ಡಪಾಲಯ್ಯ ಅಂತ. ಹೇಳಿ ಬಾಗಿಲ ಕಡೆ ನೋಡಿದೆ, ಕರೆದೆ ಅಂತ ಬರ್ತೀರೇನೋ ಅಂತ.