ಪರದೆಯ ಮೇಲಿನ ಸೊಟ್ಟ ಗೆರೆ

ಜಗಳೂರು,
ಭಾನುವಾರ ಮಧ್ಯಾಹ್ನ

ಪ್ರೀತಿಯ ವಿಜಯಕ್ಕನಿಗೆ,

ನಿನ್ನ ತಂಗಿ ಸುಧಾ ಮಾಡುವ ನಮಸ್ಕಾರ. ಇದಾದ ಮೇಲೆ ‘ನಾವೆಲ್ಲ ಕ್ಷೇಮ’ ಎಂದು ಬರೆಯಬೇಕು. ಆ ಸಾಲು ಬರೆಯಲು ಕೈ ಬರಲಿಲ್ಲ, ಸದ್ಯಕ್ಕೆ ಬಿಟ್ಟಿದ್ದೇನೆ.

ಅಂಗೈಯಲ್ಲಿ ಫೋನಿರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನೀನು ಈಗ ಭಾವನ ಕಡೆ ಹುಬ್ಬು ಹಾರಿಸುತ್ತಿರುತ್ತೀಯ. ನಾನು ಬೇಕಾದರೆ ಇಡೀ ಊರಿಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳಬಲ್ಲೆ, ನಿನ್ನ ಮುಂದೆ ಮಾತ್ರ ನನ್ನ ಬೇಳೆ ಬೇಯುವುದಿಲ್ಲ. ವಿಡಿಯೋದಲ್ಲಿ ನೀನು ನನ್ನ ಕೈ ನೋಡುವುದು ಆಮೇಲೆ, ಮೊದಲು ಮುಖ ನೋಡುತ್ತೀಯ. ಅದಕ್ಕೇ ಈ ವಾರವೆಲ್ಲ ನೆಟ್‌ವರ್ಕ್ ಇಲ್ಲ ಎಂದು ಮೆಸೇಜು ಹಾಕಿ ತಪ್ಪಿಸಿಕೊಂಡು ತಿರುಗಿದೆ. ನೆಟ್‌ವರ್ಕಿಗೆ ಏನೂ ಆಗಿಲ್ಲ. ನನಗೆ ಹೆದರಿಕೆಯಾಗಿದೆ, ಅಕ್ಕ.

ಎಲ್ಲ ಶುರುವಾಗಿದ್ದು ನಿನ್ನ ಹಸುವಿನಿಂದ. ನ್ಯಾಮತಿಯ ನಿಮ್ಮ ಮನೆಗೆ ಹೊನ್ನಾಳಿ ಸಂತೆಯಿಂದ ಹಸು ತಂದ ದಿನ ನೀನು ಕುಣಿಯುತ್ತಲೇ ಫೋನ್ ಹಚ್ಚಿದ್ದೆ. ತಲೆಯ ಪಕ್ಕ ಬೆರಳು ನೆಟ್ಟಗೆ ನಿಲ್ಲಿಸಿದರೆ ಹಸು, ಹಿಂದಕ್ಕೆ ಬಗ್ಗಿಸಿದರೆ ಎಮ್ಮೆ. ನೀನು ದಾವಣಗೆರೆಯ ಕಿವುಡ ಮಕ್ಕಳ ಶಾಲೆಗೆ ಸೇರುವ ಮೊದಲೇ ನಮ್ಮ ತವರು ಹಟ್ಟಿಯ ಅಂಗಳದಲ್ಲಿ ನಾವಿಬ್ಬರೂ ಕೂತು ಕಟ್ಟಿಕೊಂಡ ಕೈಭಾಷೆ ಅದು. ನನಗೆ ನಿನ್ನ ಬೆರಳು ಬಗ್ಗಿದಂತೆ ಕಂಡಿತು. ಎಮ್ಮೆ ಎಷ್ಟು ಹಾಲು ಕೊಡುತ್ತೆ ಎಂದು ಕೇಳಿದೆ. ನೀನು ಮತ್ತೆ ಬೆರಳು ನಿಲ್ಲಿಸಿದೆ, ನಾನು ಮತ್ತೆ ಎಮ್ಮೆ ಎಂದೆ. ಕೊನೆಗೆ ನೀನು ರೇಗಿ ಫೋನನ್ನು ತೆಗೆದುಕೊಂಡು ಹೋಗಿ ಹಸುವಿನ ಮೂತಿಗೇ ಹಿಡಿದೆ. ಫೋನಿನ ತುಂಬ ಒದ್ದೆ ಮೂಗು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇಷ್ಟಗಲದ ಫೋನಿನಲ್ಲಿ ನಿನ್ನ ಬೆರಳು ನನಗೆ ಹೇಗೆ ಕಾಣಬೇಕು ಎಂದು ನಾನು ಫೋನನ್ನು ಬೈದೆ. ಹಾಗಿದ್ದರೆ ಗೋಡೆಯಷ್ಟು ದೊಡ್ಡದು ತಗೋ, ಎದುರಿಗೆ ಕೂತ ಹಾಗೆ ಮಾತಾಡೋಣ ಎಂದು ನೀನು ಎರಡೂ ಕೈ ಚಾಚಿದೆ.

ಆ ಮಾತು ನಮ್ಮ ಮನೆಯವರಿಗೆ ಹಬ್ಬವಾಯಿತು. ವೆಂಕಟೇಶ್ ಅವರಿಗೆ ಕ್ರಿಕೆಟ್ಟಿನ ಚೆಂಡು ನಿಂಬೆಹಣ್ಣಿನಷ್ಟಾದರೂ ಕಾಣಬೇಕೆಂಬುದು ಬಹಳ ದಿನದ ಆಸೆ. ನಾನು ಲಗ್ನಪತ್ರಿಕೆ ಟೈಪ್ ಮಾಡುವ ಕಂಪ್ಯೂಟರಿನ ಪರದೆಯೂ ಮಂಕಾಗಿದೆ ಎಂದು ನಾನು ಗೊಣಗುತ್ತಲೇ ಇದ್ದೆ. ಒತ್ತಕ್ಷರ ಕಾಣದೆ ವರನ ಅಪ್ಪನ ಹೆಸರನ್ನೇ ಒಮ್ಮೆ ಕೆಡಿಸಿ ಬೈಸಿಕೊಂಡಿದ್ದೆ. ಟೀವಿಗೂ ಕಂಪ್ಯೂಟರಿಗೂ ನಿನ್ನ ಮುಖಕ್ಕೂ ಒಂದೇ ಪರದೆ ಆಗಲಿ ಎಂದು ಇಬ್ಬರೂ ದಾವಣಗೆರೆ ರಸ್ತೆಯ ಷಣ್ಮುಖಪ್ಪನವರ ಅಂಗಡಿಗೆ ಹೋದೆವು.

ಅಲ್ಲಿ ಗೋಡೆಯ ತುಂಬ ಟೀವಿ, ಎಲ್ಲದರಲ್ಲೂ ಅದೇ ಗಿಳಿ, ಒಂದೊಂದರ ಹಸಿರು ಒಂದೊಂದು. ಯಾವುದು ಸರಿಯಾದ ಹಸಿರು ಎಂದು ಹೇಳಬೇಕಾದರೆ ಗಿಳಿಯೇ ಬರಬೇಕಿತ್ತು. ಷಣ್ಮುಖಪ್ಪನವರು ಪಾಪ, ಬೇಸರವಿಲ್ಲದೆ ಹೇಳಿದರು. ಟೀವಿಯನ್ನು ದೂರ ಕೂತು ನೋಡುತ್ತೀರಿ, ಕಂಪ್ಯೂಟರನ್ನು ಹತ್ತಿರ ಕೂತು ನೋಡುತ್ತೀರಿ, ಎರಡಕ್ಕೂ ಒಂದೇ ಅಂದರೆ ತೀರಾ ದೊಡ್ಡದು ಬೇಡ, ಅಕ್ಷರ ಒಡೆದುಕೊಳ್ಳುತ್ತವೆ, ಗಾಜು ಹೊಳೆಯುವಂಥದ್ದೂ ಬೇಡ, ಕಿಟಕಿಯ ಬೆಳಕೆಲ್ಲ ಅದರಲ್ಲೇ ಕೂರುತ್ತದೆ ಎಂದರು. ಇವರ ಮುಖ ಸಪ್ಪಗಾಯಿತು. ನಾನು ಗಿಳಿ ತೆಗೆಸಿ, ನೀನು ಕಳಿಸಿದ್ದ ವಿಡಿಯೋ ಹಾಕಿಸಿದೆ. ಹಸು ಗೂಡ್ಸ್ ಆಟೋದಿಂದ ಇಳಿಯಲು ಹಟ ಮಾಡಿದ ಕತೆ ಹೇಳಿದ್ದೆಯಲ್ಲ, ಅದು. ಒಂದು ಪರದೆಯಲ್ಲಿ ನಿನ್ನ ಬಳೆಗಳೇ ಹೊಳೆದು ಬೆರಳು ಬಿಳುಚಿ ಹೋದವು. ಇನ್ನೊಂದರಲ್ಲಿ ನಿನ್ನ ಮುಖದ ಮೇಲೆ ನನ್ನ ಮುಖ, ಅದರ ಮೇಲೆ ಅಂಗಡಿಯ ಟ್ಯೂಬ್‌ಲೈಟು. ಮೂರನೆಯದು ಹೊಳಪಿಲ್ಲದ್ದು. ಅದರಲ್ಲಿ ನಿನ್ನ ಕೈ ದೊಡ್ಡದಾಗಿ, ಶಾಂತವಾಗಿ ಬಂತು. ಅಂಗಡಿಯಲ್ಲೇ ನನ್ನ ಕಣ್ಣು ತುಂಬಿತು. ಇದೇ ಇರಲಿ ಎಂದೆ.

ಅಲ್ಲಿಗೇ ಬಿಟ್ಟಿದ್ದರೆ ಇನ್ನೊಂದಿಷ್ಟು ದಿನ ನೆಮ್ಮದಿಯಾಗಿ ಇರುತ್ತಿದ್ದೆನೇನೋ. ಕೊನೆಗೊಂದು ಪರೀಕ್ಷೆ ಎಂದು ಪೆನ್‌ಡ್ರೈವಿನಲ್ಲಿದ್ದ ಲಗ್ನಪತ್ರಿಕೆಯೊಂದನ್ನು ಹಾಕಿಸಿದೆ. ಸುತ್ತ ಎರಡೆಳೆಯ ಅಂಚು, ನಾನೇ ಹಾಕಿದ್ದು. ವಧುವಿನ ಹೆಸರಿನ ಪಕ್ಕ ಆ ಗೆರೆ ಒಳಕ್ಕೆ ಬಾಗಿತ್ತು. ಈ ಪರದೆಯೇ ಸೊಟ್ಟ ಇದೆ, ಬೇರೆ ತೋರಿಸಿ ಎಂದೆ. ಬೇರೆಯದಕ್ಕೆ ಹಾಕಿದರು, ಅದರಲ್ಲೂ ಬಾಗಿತ್ತು. ಮತ್ತೊಂದರಲ್ಲೂ ಹಾಗೇ. ಕಂಪನಿಯವರು ಕೆಟ್ಟ ಮಾಲನ್ನೆಲ್ಲ ನಮ್ಮಂಥ ಸಣ್ಣ ಊರಿಗೇ ತಳ್ಳುತ್ತಾರೆ ಎಂದು ಸ್ವಲ್ಪ ಜೋರಾಗಿಯೇ ಅಂದೆ. ಷಣ್ಮುಖಪ್ಪನವರು ಪರದೆಯ ಹತ್ತಿರ ಹೋಗಿ ನೋಡಿ, ನನ್ನ ಕಡೆ ತಿರುಗಿ, “ನೆಟ್ಟಗೇ ಐತಲ್ರೀ ಅಮ್ಮಾ. ಎಲ್ಲಿ ಸೊಟ್ಟ ಕಾಣ್ತೈತೆ, ಬೆರಳಿಟ್ಟು ತೋರಿಸ್ರಿ” ಎಂದರು.

ತೋರಿಸಲು ಹೋದೆ. ಬೆರಳಿಟ್ಟ ಕಡೆ ನೋಟ ನೆಟ್ಟರೆ ಅಲ್ಲೇ ಡೊಂಕು, ನೋಟ ಕೆಳಗೆ ಸರಿಸಿದರೆ ಡೊಂಕೂ ಕೆಳಗೆ ಸರಿಯಿತು. ಇವರಿಗೆ ತೋರಿಸಿಯೇ ಬಿಡುತ್ತೇನೆ ಎಂದು ಚೀಲದಿಂದ ಅದೇ ಪತ್ರಿಕೆಯ ಪ್ರಿಂಟು ತೆಗೆದು ಪರದೆಯ ಪಕ್ಕ ಹಿಡಿದೆ. ಅದರ ಗೆರೆ ನೆಟ್ಟಗಿದೆ ಎಂದು ನನಗೆ ಗೊತ್ತು, ಅಂಚಿಗೆ ಸ್ಕೇಲಿಟ್ಟು ಕತ್ತರಿಸಿದ್ದೇ ನಾನು. ಕಾಗದದ ಗೆರೆಯೂ ಬಾಗಿತ್ತು, ಅಕ್ಕ. ನನ್ನ ಕೈಯಲ್ಲಿದ್ದ ಕಾಗದದ ಗೆರೆ. ನಿಧಾನಕ್ಕೆ ಬಲಗಣ್ಣು ಮುಚ್ಚಿದೆ, ಗೆರೆ ನೆಟ್ಟಗಾಯಿತು. ಎಡಗಣ್ಣು ಮುಚ್ಚಿದೆ, ಡೊಂಕು ಇನ್ನೂ ಹೆಚ್ಚಾಯಿತು, ಅದರ ನಡುವೆ ಬೂದಿ ಬಣ್ಣದ ಒಂದು ಮಸುಕು.

ನಾಳೆ ಅಮಾವಾಸ್ಯೆ, ಈಗ ಕೊಳ್ಳುವುದು ಬೇಡ ಎಂದು ಹೇಳಿ ಹೊರಗೆ ಬಂದೆ. ಅಮಾವಾಸ್ಯೆಯ ದಿನವೇ ಹೊಸ ಸೀರೆ ಉಟ್ಟು ಅತ್ತೆಯ ಹತ್ತಿರ ಅನ್ನಿಸಿಕೊಂಡವಳು ನಾನು. ಇವರು ದಾರಿಯುದ್ದಕ್ಕೂ ನನ್ನನ್ನೇ ನೋಡಿದರು.

ಆ ದಾರಿಯಲ್ಲೇ ನೆನಪಾದದ್ದು ನಮ್ಮ ಗಾದ್ರಜ್ಜಿ. ನಿನಗೆ ಆ ಜಗಳ ಕೇಳಿಸಿರಲಿಲ್ಲ, ಅದಕ್ಕೆ ಹೇಳುತ್ತೇನೆ. ನಮ್ಮ ಹಟ್ಟಿಯ ಮನೆಗೆ ಹೊಸ ಬಾಗಿಲು ಇಟ್ಟಾಗ ಅಜ್ಜಿ ಬಡಗಿ ಪಾಪಣ್ಣನನ್ನು ಬೀದಿಯಲ್ಲಿ ನಿಲ್ಲಿಸಿ ಬೈದಿದ್ದಳು. ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡುವ ಬಾಗಿಲನ್ನು ಸೊಟ್ಟ ಕೂರಿಸಿ ಮನೆಗೆ ಕೇಡು ತಂದೆ ಎಂದು. ಅವನು ತೂಕದ ದಾರ ಇಳಿಬಿಟ್ಟು ಬಾಗಿಲು ನೆಟ್ಟಗಿರುವುದನ್ನು ತೋರಿಸಿದ. ಆಗ ಅವಳು ದಾರವೂ ಸೊಟ್ಟ ಅಂದಳು. ಊರೆಲ್ಲ ನಕ್ಕಿತು, ನಾನೂ ನಕ್ಕೆ, ಮಕ್ಕಳಲ್ಲವೇ. ಆಮೇಲೆ ಅವಳು ಎದುರಿಗಿದ್ದವರನ್ನು ಕತ್ತು ಓರೆ ಮಾಡಿ ನೋಡತೊಡಗಿದಳು. ಮುದುಕಿಗೆ ಜಂಬ ಬಂತು ಅಂದರು. ಅದಾದ ಮೇಲೆ ಯಾರ ಮುಖವೂ ತಿಳಿಯದಾಯಿತು. ಕಣ್ಣಿನ ಡಾಕ್ಟರ ಹತ್ತಿರ ಅವಳನ್ನು ಯಾರೂ ಕರೆದುಕೊಂಡು ಹೋಗಲಿಲ್ಲ.

ಅಂಗಡಿಯಿಂದ ಬಂದಾಗಿನಿಂದ ನಾನು ಮನೆಯ ಪ್ರತಿಯೊಂದು ಗೆರೆಯನ್ನೂ ಹೆದರುತ್ತ ನೋಡುತ್ತಿದ್ದೇನೆ. ಟೈಲ್ಸಿನ ಸಂದು, ಕಿಟಕಿಯ ಸರಳು, ರೂಲು ಪುಸ್ತಕ. ಎಡಗಣ್ಣು ಮುಚ್ಚಿ ಇವರನ್ನು ನೋಡಿದರೆ ಮೂಗಿರುವ ಜಾಗ ಅಲುಗುತ್ತದೆ. ಮೊನ್ನೆ ಸೊಪ್ಪು ಸೋಸುತ್ತ ಕತ್ತು ಓರೆ ಮಾಡಿದ್ದೆನಂತೆ. “ಯಾಕೆ ಹಿಂಗೆ ಕೋಳಿ ನೋಡಿದಂಗೆ ನೋಡ್ತೀಯಾ” ಎಂದು ಇವರು ತಮಾಷೆ ಮಾಡಿದರು. ನನ್ನ ಕೈಯಿಂದ ಮೊರ ಬಿತ್ತು. ಆಗ ಎಲ್ಲ ಹೇಳಿದೆ. ಅವರು ಮೊರ ಎತ್ತಿಟ್ಟು, “ನಾಳೆ ನಾಡಿದ್ದರಲ್ಲಿ ದಾವಣಗೆರೆಗೆ ಹೋಗಿ ತೋರಿಸಣ. ಟೀವಿ ಎಲ್ಲಿ ಓಡಿ ಹೋಗ್ತೈತೆ” ಎಂದರು. ನಾಳೆ ಸೋಮವಾರಕ್ಕೆ ಹೆಸರು ಬರೆಸಿದ್ದಾರೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಾನು ಡಾಕ್ಟರ ಎದುರು ಕೂತು ಬಂದಿರುತ್ತೇನೆ. ಇದು ಅಜ್ಜಿಯ ಕಾಯಿಲೆಯೋ, ಬೇರೆ ಏನೋ, ಔಷಧಿ ಇದೆಯೋ ಇಲ್ಲವೋ, ನನಗೇನೂ ಗೊತ್ತಿಲ್ಲ.

ಆದರೆ ನನ್ನನ್ನು ಕೂತಲ್ಲಿ ಕೂರಲು ಬಿಡದಿರುವುದು ಇದಲ್ಲ. ನನ್ನ ಕಣ್ಣು ಹೋದರೆ ನನಗೆ ಕಿವಿಯಾದರೂ ಇರುತ್ತದೆ. ಬಾಗಿಲು ತೆಗೆದದ್ದು ಯಾರು, ಅನ್ನ ಕುದಿಯಿತೇ, ಮಳೆ ಬಂತೇ, ಎಲ್ಲ ಕೇಳಿಸುತ್ತದೆ. ನಿನಗೆ ಕಣ್ಣೇ ಕಿವಿ, ಕಣ್ಣೇ ಮಾತು. ನಾವಿಬ್ಬರೂ ಅದೇ ಅಜ್ಜಿಯ ಮೊಮ್ಮಕ್ಕಳು, ನೀನು ನನಗಿಂತ ದೊಡ್ಡವಳು. ಇದನ್ನು ಬರೆಯುವಾಗ ಪೆನ್ನು ನಿಂತುಬಿಟ್ಟಿತ್ತು. ಎದ್ದು ನೀರು ಕುಡಿದು ಬಂದು ಮತ್ತೆ ಬರೆಯುತ್ತಿದ್ದೇನೆ.

ಅದಕ್ಕೇ ಕಾಗದ. ಈ ಹಾಳೆಯ ಹಿಂದೆ ಸ್ಕೇಲಿಟ್ಟು ಅಡ್ಡ, ಉದ್ದ ಗೆರೆ ಎಳೆದಿದ್ದೇನೆ, ನಡುವೆ ಒಂದು ಚುಕ್ಕೆ ಇಟ್ಟಿದ್ದೇನೆ. ಗೆರೆ ನೆಟ್ಟಗಿವೆ ಎಂದು ಇವರ ಹತ್ತಿರವೂ ನೋಡಿಸಿದ್ದೇನೆ, ನನ್ನ ಕಣ್ಣೊಂದನ್ನೇ ನಂಬಿಲ್ಲ. ಬೆಳಕಿರುವಾಗ ಅಂಗಳದಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಚುಕ್ಕೆ ನೋಡು, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡು. ಫೋನಿನಲ್ಲಿ ಕಳಿಸಿದ್ದರೆ, ಸೊಟ್ಟ ಕಂಡರೂ ನೀನು ಫೋನನ್ನೇ ಬೈಯುತ್ತೀಯ. ನಾನು ಫೋನು ಬೈದೆ, ಕಂಪ್ಯೂಟರ್ ಬೈದೆ, ಷಣ್ಮುಖಪ್ಪನವರ ಅಂಗಡಿಯನ್ನೇ ಬೈದೆ. ಅಜ್ಜಿ ಬಡಗಿಯನ್ನು ಬೈದಳು. ನೀನು ಯಾರನ್ನೂ ಬೈಯಬೇಡ, ಸುಮ್ಮನೆ ನೋಡು.

ಗೆರೆ ನೆಟ್ಟಗೆ ಕಂಡರೆ ತಕ್ಷಣ ಫೋನ್ ಹಚ್ಚು. ನೀನು ನನಗೆ ಕೈಭಾಷೆಯಲ್ಲಿ ಇಟ್ಟ ಹೆಸರಿದೆಯಲ್ಲ, ಎಡಗೆನ್ನೆಯ ಗುಳಿಗೆ ಒತ್ತುವ ಒಂದು ಬೆರಳು, ಅಷ್ಟನ್ನೇ ಮಾಡು, ನನಗೆ ತಿಳಿಯುತ್ತದೆ. ಸೊಟ್ಟ ಕಂಡರೆ ಫೋನ್ ಹಚ್ಚಬೇಡ. ಒಬ್ಬಳೇ ಕೂತು ಅಳಲೂಬೇಡ. ಹೊರಡುವ ಹೊತ್ತನ್ನು ಮೆಸೇಜು ಹಾಕಿ, ಭಾವನನ್ನು ಕರೆದುಕೊಂಡು ಬಸ್ಸು ಹತ್ತು, ದಾವಣಗೆರೆಯ ಬಸ್‌ಸ್ಟ್ಯಾಂಡಿನಲ್ಲಿ ನಾನೇ ಬಂದು ನಿಂತಿರುತ್ತೇನೆ, ಇಬ್ಬರೂ ಒಟ್ಟಿಗೆ ಡಾಕ್ಟರ ಹತ್ತಿರ ಹೋಗೋಣ. ಅಜ್ಜಿಗೆ ಮಾಡಿದ ಹಾಗೆ ನಮಗೆ ನಾವೇ ಮಾಡಿಕೊಳ್ಳುವುದು ಬೇಡ.

ಇನ್ನೊಂದು ಮಾತು. ಅಜ್ಜಿಗೆ ಪೂರ್ತಿ ಕಾಣದಾದ ಮೇಲೆ ಅವಳು ನಿನ್ನನ್ನು ಕೂಗುತ್ತಿದ್ದಳು, ನಿನಗೆ ಕೇಳದು. ನೀನು ಅವಳಿಗೆ ಕೈ ಬೀಸುತ್ತಿದ್ದೆ, ಅವಳಿಗೆ ಕಾಣದು. ನೋಡಿದವರೆಲ್ಲ ಅಯ್ಯೋ ಅನ್ನುತ್ತಿದ್ದರು. ಆಮೇಲೆ ಒಂದು ದಿನ ನೀನು ಅವಳ ಎರಡೂ ಕೈಯನ್ನು ನಿನ್ನ ಕೈಗಳ ಮೇಲೆ ಇಟ್ಟುಕೊಂಡು ಅದೇನೋ ಹೇಳಿದೆ, ನಿಧಾನಕ್ಕೆ, ಬೆರಳು ಬೆರಳಾಗಿ. ಅಜ್ಜಿ ನಕ್ಕಳು. “ನಿಮಗ್ಯಾರಿಗೂ ಕೇಳಂಗಿಲ್ಲ, ನನ್ನ ಕೂಸು ಮಾತಾಡಾಕೆ ಹತ್ತೈತೆ” ಎಂದು ಅಮ್ಮನಿಗೆ ಹೇಳಿದಳು. ಅವಳು ಇರುವವರೆಗೂ ನೀವಿಬ್ಬರೂ ಹಾಗೇ ಜಗಲಿಯ ಮೇಲೆ ಕೂತು ಹರಟುತ್ತಿದ್ದಿರಿ. ನಾನು ಅದನ್ನು ಕಲಿಯಲಿಲ್ಲ, ಕಣ್ಣಿದ್ದವಳಿಗೆ ಅದು ಬೇಕಾಗಿರಲಿಲ್ಲ.

ಆ ಹೊಳಪಿಲ್ಲದ ಪರದೆಯನ್ನು ಬೇರೆಯವರಿಗೆ ಕೊಡಬೇಡಿ ಎಂದು ಷಣ್ಮುಖಪ್ಪನವರಿಗೆ ಹೇಳಿ ಕಳಿಸಿದ್ದೇನೆ. ಡಾಕ್ಟರು ಏನೇ ಹೇಳಲಿ, ತರುತ್ತೇನೆ. ಕಾಣುವಷ್ಟು ದಿನ ನಿನ್ನನ್ನು ದೊಡ್ಡದಾಗಿಯೇ ನೋಡುತ್ತೇನೆ. ಗೆರೆ ನೆಟ್ಟಗಿರಲಿ, ಸೊಟ್ಟ ಇರಲಿ, ನೀನು ಒಮ್ಮೆ ಜಗಳೂರಿಗೆ ಬಂದು ನಾಲ್ಕು ದಿನ ಇದ್ದು ಹೋಗಬೇಕು. ನಾನು ಕಣ್ಣು ಮುಚ್ಚಿಕೊಂಡು ಕೂರುತ್ತೇನೆ. ನನ್ನ ಕೈಗಳನ್ನು ನಿನ್ನ ಕೈಗಳ ಮೇಲೆ ಇಟ್ಟುಕೊಂಡು ಮೊದಲಿನಿಂದ ಕಲಿಸು. ಹಸು ಯಾವುದು, ಎಮ್ಮೆ ಯಾವುದು, ಅಲ್ಲಿಂದಲೇ ಶುರು ಮಾಡು. ಇಬ್ಬರಲ್ಲಿ ಯಾರಿಗೆ ಬೇಕಾಗುತ್ತದೋ ಗೊತ್ತಿಲ್ಲ, ಇಬ್ಬರಿಗೂ ಬರಲಿ.

ಮೇಲೆ ಬಿಟ್ಟ ಸಾಲನ್ನು ಇಲ್ಲಿಯೂ ಬರೆಯುವುದಿಲ್ಲ. ನೀನು ಕೆನ್ನೆಗೆ ಬೆರಳಿಟ್ಟ ದಿನ ಬರೆಯುತ್ತೇನೆ.

ಹಟ್ಟಿಯ ಗುಡಿಯ ಅಮ್ಮ ನಿನ್ನ ಎರಡೂ ಕಣ್ಣನ್ನು ಕಾಯಲಿ.

ನಿನ್ನ ಕೆನ್ನೆಗುಳಿಯ ತಂಗಿ,
ಸುಧಾ